ಸತ್ಯವ್ರತೆ ಐಡಾ ಬಿ. ವೆಲ್ಸ್

ಅನ್ಯಾಯವು ಲೋಕದಲ್ಲಿ ಎರಡು ಆಸರೆಗಳನ್ನು ಹಿಡಿದು ನಿಲ್ಲುವುದು. ಒಂದು ತೋಳಿನ ಬಲ, ಮತ್ತೊಂದು ನಾಲಗೆಯ ಸುಳ್ಳು. ತೋಳಿನ ಬಲದಿಂದಾಗುವ ಅನ್ಯಾಯವು ಎಲ್ಲರ ಕಣ್ಣಿಗೂ ಬೀಳುವುದು. ಅದನ್ನು ಕಂಡು ಮರುಗದವರು ವಿರಳ. ಆದರೆ ಸುಳ್ಳು ನ್ಯಾಯದ ವೇಷವನ್ನು ಧರಿಸಿ ಸಭ್ಯರ ಸಭೆಯಲ್ಲಿಯೇ ಕುಳಿತಿರುವುದರಿಂದ, ಮರುಗಬೇಕಾದವರೂ ಕೆಟ್ಟವನಿಗೆ ತಕ್ಕ ಶಿಕ್ಷೆಯಾಯಿತೆಂದು ಸಮಾಧಾನಪಟ್ಟುಕೊಂಡು ಸುಮ್ಮನಾಗುವರು. ಇಂತಹ ಸುಳ್ಳಿನ ಮುಸುಕನ್ನು ತೆಗೆದು, ಅದರ ಹಿಂದಿದ್ದುದನ್ನು ಊರು, ಹೆಸರು, ದಿನಾಂಕಗಳೊಡನೆ ಲೋಕದ ಮುಂದಿಟ್ಟ ಸ್ತ್ರೀರತ್ನಗಳಲ್ಲಿ ಅಮೇರಿಕಾ ದೇಶದ ಐಡಾ ಬಿ. ವೆಲ್ಸ್ ಎಂಬಾಕೆಯು ಅಗ್ರಗಣ್ಯಳು. ಗುಲಾಮರ ಮನೆಯಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸಿಗೆ ತಬ್ಬಲಿಯಾಗಿ, ಒಂದು ಲೇಖನಿಯ ಹೊರತು ಬೇರೆ ಆಯುಧವಿಲ್ಲದೆ ಒಂದು ಮಹಾರಾಷ್ಟ್ರದ ಅಂತಃಕರಣವನ್ನು ಎಚ್ಚರಿಸಲು ಹೊರಟ ಈಕೆಯ ಚರಿತ್ರೆಯು, ಹುಟ್ಟಿನಿಂದ ಮನುಷ್ಯನ ಮೇಲುಕೀಳನ್ನು ಎಣಿಸಲಾಗದೆಂದು ನಂಬಿದ ಯಾವ ಜನಕ್ಕಾದರೂ ಮನನಯೋಗ್ಯವಾದುದು.

ಐಡಾಳು 1862ನೆಯ ಇಸವಿ ಜುಲೈ 16ನೆಯ ದಿನ ಮಿಸಿಸಿಪಿ ಸಂಸ್ಥಾನದ ಹಾಲಿ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಜನಿಸಿದಳು. ಆಗ ಅಮೇರಿಕಾದಲ್ಲಿ ಉತ್ತರದ ಸಂಸ್ಥಾನಗಳಿಗೂ ದಕ್ಷಿಣದ ಸಂಸ್ಥಾನಗಳಿಗೂ ಘೋರವಾದ ಅಂತರ್ಯುದ್ಧವು ನಡೆಯುತ್ತಿದ್ದಿತು. ಆಫ್ರಿಕಾ ಖಂಡದಿಂದ ಹಡಗುಗಳಲ್ಲಿ ತರಲ್ಪಟ್ಟವರ ಸಂತತಿಯವರಾದ ಕರಿಯ ಜನರು ದಕ್ಷಿಣದ ಹೊಲಮನೆಗಳಲ್ಲಿ ದನಕರುಗಳಂತೆ ಮಾರಲ್ಪಡುತ್ತಿದ್ದ ಕಾಲವದು. ಆಕೆಯ ತಂದೆ ಜೇಮ್ಸ್ ವೆಲ್ಸ್ ಬಡಗಿಯ ಕೆಲಸದಲ್ಲಿ ಕುಶಲನು. ತಾಯಿ ಎಲಿಜಬೆತ್ ಅಡುಗೆಯ ಕೆಲಸದವಳು. ಇಬ್ಬರೂ ಗುಲಾಮರು. ತಾಯಿಯನ್ನು ಚಿಕ್ಕವಳಿರುವಾಗಲೇ ವರ್ಜೀನಿಯಾ ಪ್ರಾಂತದ ತನ್ನವರಿಂದ ಅಗಲಿಸಿ ಮಾರಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಆ ತಾಯಿಯು ತನ್ನ ಒಡಹುಟ್ಟಿದವರನ್ನು ಹುಡುಕಿಸಲು ಹಲವು ಸಾರೆ ಪತ್ರ ಬರೆಯಿಸಿದಳಾದರೂ ಅವರ ಸುಳಿವು ಕೊನೆಯವರೆಗೂ ದೊರೆಯಲಿಲ್ಲ.

1865ರಲ್ಲಿ ಯುದ್ಧವು ಮುಗಿದು ಗುಲಾಮಗಿರಿಯು ರದ್ದಾಯಿತು. ಜೇಮ್ಸನು ಹಳೆಯ ಧಣಿಯ ಕಾರ್ಖಾನೆಯಲ್ಲಿಯೇ ಸಂಬಳಕ್ಕೆ ಬಡಗಿತನ ಮಾಡುತ್ತಿದ್ದನು. ಚುನಾವಣೆಯ ಕಾಲ ಬಂದಾಗ ಧಣಿಯು ತಾನು ಹೇಳಿದ ಪಕ್ಷಕ್ಕೆ ಮತ ಕೊಡಬೇಕೆಂದು ಒತ್ತಾಯಪಡಿಸಿದನು. ಜೇಮ್ಸನು ಒಪ್ಪದೆ ತನ್ನ ಮನಸ್ಸಿಗೆ ಬಂದವರಿಗೆ ಮತವಿತ್ತು ಹಿಂದಿರುಗಿ ನೋಡಲು, ಕಾರ್ಖಾನೆಗೆ ಬೀಗ ಹಾಕಲ್ಪಟ್ಟಿದ್ದಿತು. ಆತನು ಯಾರೊಡನೆಯೂ ಜಗಳವಾಡಲಿಲ್ಲ. ಪೇಟೆಗೆ ಹೋಗಿ ಹೊಸ ಉಳಿ ಬಾಚಿಗಳನ್ನು ಕೊಂಡು, ಬೇರೊಂದು ಮನೆಯನ್ನು ಬಾಡಿಗೆಗೆ ಹಿಡಿದು, ಅಂದೇ ಸ್ವತಂತ್ರವಾದ ಕಾಯಕವನ್ನು ಆರಂಭಿಸಿದನು. ಊರಿನಲ್ಲಿ ಕರಿಯ ಮಕ್ಕಳಿಗಾಗಿ ತೆರೆದ ವಿದ್ಯಾಲಯಕ್ಕೆ ಆತನು ವಿಶ್ವಸ್ತನೂ ಆದನು. ತಾಯಿಯಾದರೋ ಮಕ್ಕಳೊಡನೆ ತಾನೂ ಶಾಲೆಗೆ ಹೋಗಿ, ಧರ್ಮಗ್ರಂಥವನ್ನು ಓದಲು ಬರುವ ಪರ್ಯಂತ ಅಕ್ಷರಾಭ್ಯಾಸವನ್ನು ಬಿಡಲಿಲ್ಲ. ಇಂತಹ ತಂದೆತಾಯಿಗಳ ಎಂಟು ಮಕ್ಕಳಲ್ಲಿ ಹಿರಿಯಳಾಗಿ ಬೆಳೆದ ಐಡಾಳಿಗೆ ತಲೆಯೆತ್ತಿ ನಡೆಯುವುದು ಹುಟ್ಟಿದ ಮನೆಯಿಂದಲೇ ಬಂದ ಪಾಠವಾಗಿತ್ತು.

1878ರಲ್ಲಿ ಮಿಸಿಸಿಪಿಯ ಕಣಿವೆಯಲ್ಲೆಲ್ಲ ಹಳದಿ ಜ್ವರದ ಮಾರಿಯು ಹಬ್ಬಿತು. ಐಡಾಳು ಆಗ ಹಳ್ಳಿಯಲ್ಲಿ ಅಜ್ಜಿಯ ಮನೆಗೆ ಹೋಗಿದ್ದಳು. ಕೆಲವೇ ದಿನಗಳಲ್ಲಿ ತಂದೆ, ತಾಯಿ ಮತ್ತು ಎಳೆಗೂಸಾದ ತಮ್ಮ, ಮೂವರೂ ತೀರಿಹೋದರೆಂಬ ವಾರ್ತೆಯು ಬಂದಿತು. ಊರಿಗೆ ಹೋಗಬೇಡವೆಂದು ಎಲ್ಲರೂ ತಡೆದರು. ಪ್ರಯಾಣಿಕರ ಬಂಡಿಗಳೂ ನಿಂತುಹೋಗಿದ್ದವು. ಆಕೆಯು ಸಾಮಾನು ಸಾಗಿಸುವ ರೈಲುಗಾಡಿಯಲ್ಲಿ ಕುಳಿತು ಮನೆಗೆ ಬಂದಳು. ತಂದೆಯ ಸಂಘದ ಬಂಧುಗಳು ಸೇರಿ, ಉಳಿದ ಮಕ್ಕಳನ್ನು ಬೇರೆಬೇರೆ ಮನೆಗಳಿಗೆ ಹಂಚುವುದೆಂದೂ, ನಡೆಯಲಾರದ ಅಂಗವಿಕಲೆಯಾದ ತಂಗಿಯನ್ನು ಅನಾಥಾಲಯಕ್ಕೆ ಸೇರಿಸುವುದೆಂದೂ ನಿಶ್ಚಯಿಸುತ್ತಿರಲು, ಹದಿನಾರು ವರ್ಷದ ಆ ಬಾಲೆಯು ಎದ್ದುನಿಂತು, ತಂದೆತಾಯಿಗಳು ಕಟ್ಟಿದ ಮನೆಯು ಒಡೆಯಲಾಗದೆಂದೂ, ತನಗೊಂದು ಕೆಲಸ ಕೊಡಿಸಿದರೆ ಎಲ್ಲರನ್ನೂ ತಾನೇ ಸಾಕುವೆನೆಂದೂ ಹೇಳಿದಳು. ಪಾವಡೆಯನ್ನು ಉದ್ದಮಾಡಿ ಉಟ್ಟು ವಯಸ್ಸಾದವಳಂತೆ ಕಾಣಿಸಿಕೊಂಡು, ಆರು ಮೈಲು ದೂರದ ಹಳ್ಳಿಯ ಶಾಲೆಯಲ್ಲಿ ತಿಂಗಳಿಗೆ 25 ಡಾಲರುಗಳ ಸಂಬಳಕ್ಕೆ ಉಪಾಧ್ಯಾಯಿನಿಯಾದಳು. ವಾರವೆಲ್ಲ ಪಾಠ ಹೇಳಿ, ಶುಕ್ರವಾರ ಸಂಜೆ ಹೇಸರಗತ್ತೆಯನ್ನೇರಿ ಮನೆಗೆ ಬಂದು, ಎರಡು ದಿನಗಳಲ್ಲಿ ವಾರದ ಬಟ್ಟೆಯೊಗೆದು, ರೊಟ್ಟಿ ಮಾಡಿಟ್ಟು, ಮತ್ತೆ ಶಾಲೆಗೆ ಹೋಗುವುದು ಆಕೆಯ ನಿತ್ಯವ್ರತವಾಯಿತು.

ತರುವಾಯ ಆಕೆಯು ಟೆನೆಸ್ಸೀ ಸಂಸ್ಥಾನದ ಮೆಂಫಿಸ್ ಪಟ್ಟಣಕ್ಕೆ ಬಂದು ಅಲ್ಲಿಯೂ ಶಿಕ್ಷಕಿಯ ವೃತ್ತಿಯನ್ನೇ ಹಿಡಿದಳು. ಅಲ್ಲಿದ್ದ ಮೊದಲ ವರ್ಷಗಳಲ್ಲಿ ಒಂದು ಘಟನೆಯು ನಡೆಯಿತು. ಸ್ತ್ರೀಯರ ಡಬ್ಬಿಗೆ ಟಿಕೀಟು ಪಡೆದು ಕುಳಿತಿದ್ದ ಆಕೆಯನ್ನು ರೈಲುಗಾಡಿಯ ಅಧಿಕಾರಿಯು ಬಂದು, ಧೂಮಪಾನಿಗಳು ಕೂಡುವ ಡಬ್ಬಿಗೆ ಹೋಗೆಂದು ಆಜ್ಞಾಪಿಸಿದನು. ಆಕೆಯು ಒಪ್ಪಲಿಲ್ಲ. ಮೂವರು ಗಂಡಸರು ಸೇರಿ ಎಳೆದು ಹೊರಹಾಕಿದರು. ಡಬ್ಬಿಯಲ್ಲಿದ್ದ ಬಿಳಿಯ ಸ್ತ್ರೀಪುರುಷರು ಅದನ್ನು ನೋಡಿ ಚಪ್ಪಾಳೆ ತಟ್ಟಿದರು. ಐಡಾಳು ರೈಲು ಕಂಪನಿಯ ಮೇಲೆ ದಾವೆ ಹೂಡಿದಳು. 1884ರ ಡಿಸೆಂಬರಿನಲ್ಲಿ ಕೆಳಗಿನ ನ್ಯಾಯಸ್ಥಾನವು ಆಕೆಗೆ 500 ಡಾಲರುಗಳ ಪರಿಹಾರವನ್ನು ಕೊಡಿಸಿತು. ಆದರೆ 1887ರಲ್ಲಿ ಟೆನೆಸ್ಸೀಯ ಶ್ರೇಷ್ಠ ನ್ಯಾಯಸ್ಥಾನವು ಆ ತೀರ್ಪನ್ನು ತಿರುಗಿಸಿ, ವ್ಯಾಜ್ಯದ ಖರ್ಚನ್ನೂ ಆಕೆಯ ಮೇಲೆಯೇ ಹೊರಿಸಿತು. ಕಾನೂನು ತನ್ನ ಜನರ ಪಾಲಿಗೆ ಇದ್ದೂ ಇಲ್ಲದಂತಾಗುತ್ತಿರುವುದನ್ನು ಕಂಡು ಆಕೆಗೆ ಅತ್ಯಂತ ವ್ಯಸನವಾಯಿತು. ಆ ವ್ಯಸನವೇ ಆಕೆಯ ಕೈಗೆ ಲೇಖನಿಯನ್ನು ಕೊಟ್ಟಿತು.

ಅಯೋಲಾ ಎಂಬ ಅಂಕಿತದಿಂದ ಆಕೆಯು ವರ್ತಮಾನಪತ್ರಗಳಿಗೆ ಬರೆಯತೊಡಗಿದಳು. ಓದುಬರಹ ಹೆಚ್ಚಾಗಿ ತಿಳಿಯದ ಹಳ್ಳಿಯ ಜನರಿಗೂ ಅರ್ಥವಾಗಬೇಕೆಂದು ಎರಡಕ್ಷರದ ಮಾತು ಸಾಕಾದಲ್ಲಿ ದೊಡ್ಡ ಮಾತನ್ನು ಬಳಸದ ಶೈಲಿಯನ್ನು ಬುದ್ಧಿಪೂರ್ವಕವಾಗಿ ರೂಢಿಸಿಕೊಂಡಳು. 1889ರಲ್ಲಿ ಮೆಂಫಿಸಿನ ಫ್ರೀ ಸ್ಪೀಚ್ ಎಂಬ ಪತ್ರಿಕೆಗೆ ಪಾಲುದಾರಳೂ ಸಂಪಾದಕಿಯೂ ಆದಳು. ಕರಿಯ ಮಕ್ಕಳ ಶಾಲೆಗಳ ದುರವಸ್ಥೆಯನ್ನು ಕುರಿತು ನಿರ್ಭಯವಾಗಿ ಬರೆದುದರಿಂದ 1891ರಲ್ಲಿ ಆಕೆಯ ಶಿಕ್ಷಕಿಯ ಕೆಲಸವು ಹೋಯಿತು. ಆಕೆಯು ಅದಕ್ಕೆ ಕುಗ್ಗದೆ ಊರೂರು ತಿರುಗಿ ಚಂದಾದಾರರನ್ನು ಸೇರಿಸಿದಳು. ಅಕ್ಷರ ತಿಳಿಯದವರು ಗುರುತಿಸಿ ಕೊಂಡು, ಬಲ್ಲವರಿಂದ ಓದಿಸಿಕೊಳ್ಳಲೆಂದು ಪತ್ರಿಕೆಯನ್ನು ಗುಲಾಬಿ ಬಣ್ಣದ ಕಾಗದದ ಮೇಲೆ ಅಚ್ಚು ಹಾಕಿಸುತ್ತಿದ್ದಳು.

ಆ ಕಾಲದಲ್ಲಿ ದಕ್ಷಿಣದ ಸಂಸ್ಥಾನಗಳಲ್ಲಿ ಲಿಂಚಿಂಗ್ ಎಂಬ ಭಯಂಕರ ಪದ್ಧತಿಯು ಹಬ್ಬಿದ್ದಿತು. ನ್ಯಾಯಸ್ಥಾನದ ವಿಚಾರಣೆಯಿಲ್ಲದೆ, ಗುಂಪುಗೂಡಿದ ಜನರು ಆಪಾದಿತನನ್ನು ಸೆರೆಮನೆಯಿಂದಲಾದರೂ ಎಳೆದುತಂದು ನೇಣು ಹಾಕುವುದು, ಗುಂಡಿಡುವುದು, ಜೀವಂತ ಸುಡುವುದು ಇದರ ರೀತಿ. ಸ್ತ್ರೀಯರ ಮೇಲೆ ಬಲಾತ್ಕಾರ ಮಾಡಿದ ದುಷ್ಟರಿಗೆ ಮಾತ್ರ ಈ ಗತಿಯಾಗುವುದೆಂದು ಪತ್ರಿಕೆಗಳೂ ಪ್ರತಿಷ್ಠಿತರೂ ಹೇಳುತ್ತಿದ್ದರು. ದೂರದವರೆಲ್ಲರೂ ಅದನ್ನು ನಂಬಿದ್ದರು. ಅಷ್ಟೇಕೆ, ಐಡಾಳೂ ಅದನ್ನು ಬಹುಮಟ್ಟಿಗೆ ನಂಬಿದ್ದಳು.

1892ನೆಯ ಮಾರ್ಚ್ ತಿಂಗಳಲ್ಲಿ ಆ ನಂಬಿಕೆಯು ಒಡೆಯಿತು. ಮೆಂಫಿಸಿನಲ್ಲಿ ಥಾಮಸ್ ಮಾಸ್ ಎಂಬ ಸಜ್ಜನನಿದ್ದನು. ಹಗಲು ಅಂಚೆ ಹಂಚಿ, ರಾತ್ರಿ ತನ್ನ ಸಂಗಡಿಗರೊಡನೆ ಪೀಪಲ್ಸ್ ಗ್ರೋಸರಿ ಎಂಬ ಕಿರಾಣಿ ಅಂಗಡಿಯನ್ನು ನಡೆಸುತ್ತಿದ್ದನು. ಆತನ ಮಗಳಿಗೆ ಐಡಾಳು ಧರ್ಮಮಾತೆಯಾಗಿದ್ದಳು. ಅಂಗಡಿಗೆ ಗಿರಾಕಿಗಳು ಹೆಚ್ಚಲು, ಎದುರಿಗಿದ್ದ ಬಿಳಿಯ ವ್ಯಾಪಾರಿಗೆ ಮತ್ಸರವುಂಟಾಯಿತು. ಜಗಳ ಹುಟ್ಟಿ, ಒಂದು ರಾತ್ರಿ ಆಯುಧಪಾಣಿಗಳು ಅಂಗಡಿಯನ್ನು ಮುತ್ತಿದರು. ಒಳಗೆ ಕಾವಲಿದ್ದವರು ಗುಂಡು ಹಾರಿಸಲು ಮೂವರು ಗಾಯಗೊಂಡರು. ಮಾಸನನ್ನೂ, ಆತನ ಜೊತೆಗಾರರಾದ ಮ್ಯಾಕ್‌ಡೋವೆಲ್ ಮತ್ತು ಸ್ಟುವರ್ಟ್ ಎಂಬವರನ್ನೂ ಸೆರೆಯಲ್ಲಿಟ್ಟರು. ಮಾರ್ಚ್ 9ನೆಯ ದಿನ ನಸುಕಿಗೆ ಮುಂಚೆ ಮುಸುಕುಧಾರಿಗಳ ಗುಂಪು ಸೆರೆಮನೆಯನ್ನು ಹೊಕ್ಕು, ಮೂವರನ್ನೂ ಊರ ಹೊರಗೆ ಒಯ್ದು ಗುಂಡಿಟ್ಟು ಕೊಂದಿತು. ಕೊಂದವರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಸತ್ತವರು ಯಾವ ಸ್ತ್ರೀಯ ಗೊಡವೆಗೂ ಹೋದವರಲ್ಲ. ನೆಟ್ಟಗೆ ವ್ಯಾಪಾರ ಮಾಡಿ ನಾಲ್ಕು ಕಾಸು ಗಳಿಸಿದುದೇ ಅವರ ಅಪರಾಧ. ಹಾಗಾದರೆ ಇದುವರೆಗೆ ಸತ್ತವರೆಲ್ಲರ ಕಥೆಯೇನು? ಈ ಪ್ರಶ್ನೆಯು ಐಡಾಳ ಮನಸ್ಸನ್ನು ಹಿಡಿದ ಮೇಲೆ ಬಿಡಲಿಲ್ಲ. ನ್ಯಾಯವಿಲ್ಲದ ಊರನ್ನು ಬಿಟ್ಟುಹೋಗಿರೆಂದು ಆಕೆಯು ತನ್ನ ಜನರಿಗೆ ಪತ್ರಿಕೆಯಲ್ಲಿ ಬೋಧಿಸಿದಳು. ಸಾವಿರಾರು ಜನರು ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮದ ಓಕ್ಲಹೋಮಾ ಪ್ರಾಂತದ ಕಡೆಗೆ ಹೊರಟರು. ಉಳಿದವರು ಪಟ್ಟಣದ ಟ್ರಾಮುಗಾಡಿಗಳನ್ನು ಹತ್ತುವುದನ್ನು ಬಿಟ್ಟರು. ಆದಾಯ ಕುಸಿಯಲು, ಟ್ರಾಮು ಕಂಪನಿಯ ಅಧಿಕಾರಿಗಳು ತಾವಾಗಿ ಆಕೆಯ ಕಚೇರಿಗೆ ಬಂದು ಜನರನ್ನು ಒಪ್ಪಿಸಬೇಕೆಂದು ಕೇಳಿಕೊಂಡರು. ಬಡವರ ಕೈಯಲ್ಲಿ ಒಂದು ನಾಣ್ಯವಿದ್ದರೂ ಅದನ್ನು ಕೊಡದಿರುವ ಸ್ವಾತಂತ್ರ್ಯದಲ್ಲಿ ಎಷ್ಟು ಶಕ್ತಿಯಿದೆಯೆಂಬುದನ್ನು ಆಕೆಯು ಆಗ ಅರಿತಳು.

ಇದರ ಜೊತೆಗೆ ಲಿಂಚಿಂಗ್ ನಡೆದ ಊರುಗಳಿಗೆ ತಾನೇ ಹೋಗಿ, ಸತ್ತವರ ಬಂಧುಗಳನ್ನೂ ನೆರೆಹೊರೆಯವರನ್ನೂ ಕಂಡು, ನಡೆದುದೇನೆಂದು ಕೇಳಿ ಬರೆದುಕೊಂಡಳು. ಆ ವಿಚಾರಣೆಯಿಂದ ಹೊರಬಿದ್ದ ಸತ್ಯವನ್ನು ಮೇ 21ರ ಸಂಚಿಕೆಯಲ್ಲಿ ಪ್ರಕಟಿಸಿದಳು. ಬಲಾತ್ಕಾರದ ಆಪಾದನೆಯು ಎಷ್ಟೋ ಕಡೆ ಹುಸಿಯೆಂದೂ, ಇಬ್ಬರೂ ಒಪ್ಪಿದ ಸ್ನೇಹಕ್ಕೂ ಆ ಹೆಸರನ್ನು ಕೊಡಲಾಗಿದೆಯೆಂದೂ ಸೂಚಿಸಿದ ಆ ಲೇಖನವು ಊರಿಗೆ ಬೆಂಕಿಯಿಟ್ಟಂತಾಯಿತು. ಆಕೆಯು ಕಾರ್ಯನಿಮಿತ್ತ ಉತ್ತರಕ್ಕೆ ಹೋಗಿದ್ದಾಗ ಗುಂಪೊಂದು ಪತ್ರಿಕೆಯ ಕಚೇರಿಯನ್ನು ನುಗ್ಗಿ ಧ್ವಂಸಮಾಡಿತು. ಮರಳಿ ಬಂದರೆ ಪ್ರಾಣ ಉಳಿಯದೆಂಬ ಬೆದರಿಕೆಯ ವಾರ್ತೆಯು ನ್ಯೂಯಾರ್ಕಿನಲ್ಲಿ ಆಕೆಗೆ ತಲುಪಿತು. ಅಚ್ಚುಕೂಟ, ಮನೆ, ಸ್ನೇಹಿತರು, ಹತ್ತು ವರ್ಷಗಳ ದುಡಿಮೆ, ಎಲ್ಲವೂ ಒಂದೇ ದಿನದಲ್ಲಿ ಹೋದವು. ಹೀಗೆ ಹೊರಬಿದ್ದವಳು ಸುಮಾರು ಮೂವತ್ತು ವರ್ಷ ದಕ್ಷಿಣದ ನೆಲವನ್ನು ಮೆಟ್ಟಲಿಲ್ಲ.

ನ್ಯೂಯಾರ್ಕಿನ ಏಜ್ ಪತ್ರಿಕೆಯ ಸಂಪಾದಕನಾದ ಟಿ. ಥಾಮಸ್ ಫಾರ್ಚೂನನು ಆಕೆಗೆ ಆಶ್ರಯವಿತ್ತನು. ಆ ಪತ್ರಿಕೆಯಲ್ಲಿ ಜೂನ್ ತಿಂಗಳಲ್ಲಿ ಆಕೆಯ ದೀರ್ಘ ಲೇಖನವು ಪ್ರಕಟವಾಯಿತು. ಅದನ್ನು ಓದಿದ ಕರಿಯ ಸ್ತ್ರೀಯರು, ವಿಕ್ಟೋರಿಯಾ ಮ್ಯಾಥ್ಯೂಸ್ ಮತ್ತು ಮಾರಿಚಾ ಲಯನ್ಸ್ ಎಂಬವರ ನೇತೃತ್ವದಲ್ಲಿ ಕೂಡಿ, 1892ರ ಅಕ್ಟೋಬರ್ 5ರಂದು ಲಿರಿಕ್ ಹಾಲ್ ಎಂಬ ಸಭಾಗೃಹದಲ್ಲಿ ಆಕೆಯನ್ನು ಸನ್ಮಾನಿಸಿದರು. ಸಾವಿರ ಲೇಖನಗಳಿಗೆ ಅಂಜದ ಆಕೆಯು ಅಂದು ಸತ್ತ ಸ್ನೇಹಿತರ ಮಾತನ್ನೆತ್ತಿದಾಗ ಕಣ್ಣೀರನ್ನು ತಡೆಯಲಾರದೆ ಹೋದಳು. ಸ್ತ್ರೀಯರು 500 ಡಾಲರುಗಳನ್ನೂ, ಲೇಖನಿಯ ಆಕಾರದ ಬಂಗಾರದ ಪದಕವನ್ನೂ ಅರ್ಪಿಸಿದರು. ಆ ಹಣದಿಂದ ಆಕೆಯ ಮೊದಲನೆಯ ಪುಸ್ತಕವಾದ ಸದರ್ನ್ ಹಾರರ್ಸ್ ಅಚ್ಚಾಯಿತು. ಈ ಒಂದು ಸಭೆಯಿಂದ ನ್ಯೂಯಾರ್ಕಿನಲ್ಲಿಯೂ ಇತರ ಪಟ್ಟಣಗಳಲ್ಲಿಯೂ ಕರಿಯ ಸ್ತ್ರೀಯರ ಸಂಘಗಳು ಮೊಳಕೆಯೊಡೆದವು. ಪುಸ್ತಕಕ್ಕೆ ಫ್ರೆಡರಿಕ್ ಡಗ್ಲಾಸನು ಪ್ರಶಂಸಾಪತ್ರವನ್ನು ಬರೆದುಕೊಟ್ಟನು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಆ ಜನಾಂಗದ ಮುಖಂಡನಾಗಿದ್ದ ವೃದ್ಧನವನು.

ಐಡಾಳ ವಿಧಾನದಲ್ಲಿ ಒಂದು ವಿಶೇಷವಿದ್ದಿತು. ವಿರೋಧಿಗಳು ಅಲ್ಲಗಳೆಯಲಾರದಂತೆ, ಬಿಳಿಯರ ಪತ್ರಿಕೆಗಳೇ ಪ್ರಕಟಿಸಿದ ವರದಿಗಳಿಂದಲೇ ಆಕೆಯು ತನ್ನ ಸಾಕ್ಷ್ಯವನ್ನು ಎತ್ತುತ್ತಿದ್ದಳು. ಹಿಂದಿನ ಎಂಟು ವರ್ಷಗಳಲ್ಲಿ ಹೀಗೆ ಸತ್ತ 728 ಮಂದಿ ಕರಿಯರಲ್ಲಿ ಮೂರನೆಯ ಒಂದು ಪಾಲಿನವರ ಮೇಲೆ ಮಾತ್ರ ಬಲಾತ್ಕಾರದ ಆಪಾದನೆಯಾದರೂ ಇದ್ದಿತೆಂದು ಆಕೆಯು ಲೆಕ್ಕ ಹಾಕಿ ತೋರಿಸಿದಳು. ಆಪಾದನೆಯು ನಿಜವೆಂಬುದು ಆ ಪಾಲಿನಲ್ಲಿಯೂ ಸಿದ್ಧವಾಗಿರಲಿಲ್ಲ. 1895ರಲ್ಲಿ ಪ್ರಕಟವಾದ ಎ ರೆಡ್ ರೆಕಾರ್ಡ್ ಎಂಬ ಗ್ರಂಥದಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಪಟ್ಟಿಯನ್ನು ಆಧರಿಸಿ, 1892ನೆಯ ಒಂದೇ ವರ್ಷದಲ್ಲಿ 241 ಮಂದಿ ಗುಂಪಿನ ಕೈಯಲ್ಲಿ ಸತ್ತರೆಂದೂ, ಅವರಲ್ಲಿ 160 ಮಂದಿ ಕರಿಯರೆಂದೂ, ಹೆಸರು ಹಿಡಿದು ದಾಖಲೆ ಮಾಡಿದಳು. ಶೋಕವು ಶಾಪವಾಗದೆ ಲೆಕ್ಕವಾಗಿ ನಿಂತುದರಿಂದಲೇ ಆ ಗ್ರಂಥಕ್ಕೆ ಅಷ್ಟು ತೂಕವುಂಟಾಯಿತು.

ಸ್ವದೇಶದ ಕಿವಿಗಳು ಮುಚ್ಚಿದ್ದುದರಿಂದ 1893ರಲ್ಲಿಯೂ 1894ರಲ್ಲಿಯೂ ಆಕೆಯು ಆಗಬೋಟಿನಲ್ಲಿ ಇಂಗ್ಲೆಂಡಿಗೆ ಹೋಗಿ ಊರೂರಲ್ಲಿ ಉಪನ್ಯಾಸ ಮಾಡಿದಳು. ಆಕೆಯನ್ನು ಆಮಂತ್ರಿಸಿದವರಲ್ಲಿ ಕ್ಯಾಥರಿನ್ ಇಂಪೆ ಎಂಬ ಆಂಗ್ಲ ಸ್ತ್ರೀಯೊಬ್ಬಳು. ಈಕೆಯು 1888ರಲ್ಲಿ ಆರಂಭಿಸಿದ ಪತ್ರಿಕೆಯ ಹೆಸರು ಆಂಟಿ-ಕಾಸ್ಟ್, ಎಂದರೆ ಜಾತಿವಿರೋಧಿ ಎಂಬುದು ನಮ್ಮ ದೇಶದ ವಾಚಕರು ಲಕ್ಷ್ಯದಲ್ಲಿಡತಕ್ಕ ಸಂಗತಿ. ಚರ್ಮದ ಬಣ್ಣದಿಂದ ಎಣಿಸುವ ಭೇದವೂ ಜಾತಿಯೇ ಎಂದು ಆ ಸಾತ್ವಿಕಳು ಅಂದೇ ಕಂಡುಕೊಂಡಿದ್ದಳು. ಐಡಾಳ ಉಪನ್ಯಾಸಗಳ ಫಲವಾಗಿ 1894ರಲ್ಲಿ ಇಂಗ್ಲೆಂಡಿನಲ್ಲಿ ಲಿಂಚಿಂಗ್ ವಿರೋಧಿ ಸಮಿತಿಯು ಸ್ಥಾಪಿತವಾಯಿತು. ಹತ್ತಿಯನ್ನು ಮಾರುವ ದಕ್ಷಿಣದ ಪ್ರಮುಖರಿಗೆ, ಹತ್ತಿಯನ್ನು ಕೊಳ್ಳುವ ದೇಶದಲ್ಲಿ ತಮ್ಮ ಹೆಸರು ಕೆಡುತ್ತಿರುವುದು ಚಿಂತೆಯ ವಿಷಯವಾಯಿತು.

ಇದರ ನಡುವೆ 1893ರಲ್ಲಿ ಷಿಕಾಗೋ ನಗರದಲ್ಲಿ ಜಗತ್ಪ್ರದರ್ಶನವು ನೆರೆದಿತ್ತು. ಭಾರತದ ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನವು ಆ ಪ್ರದರ್ಶನಕ್ಕೆ ಸೇರಿಯೇ ನಡೆದುದು. ಲೋಕದ ಅನೇಕ ದೇಶಗಳಿಗೆ ಸ್ಥಳವಿತ್ತ ಆ ಪ್ರದರ್ಶನದಲ್ಲಿ ಅಮೇರಿಕಾದ ಕರಿಯ ಪ್ರಜೆಗಳ ಸಾಧನೆಗೆ ಸ್ಥಳ ದೊರೆಯಲಿಲ್ಲ. ಐಡಾಳು ಡಗ್ಲಾಸ್, ಪೆನ್ ಮತ್ತು ವಕೀಲ ಫರ್ಡಿನಂಡ್ ಬಾರ್ನೆಟ್ ಎಂಬವರೊಡನೆ ಸೇರಿ, ಅದರ ಕಾರಣವನ್ನು ವಿವರಿಸುವ ಪುಸ್ತಿಕೆಯನ್ನು ಅಚ್ಚು ಹಾಕಿಸಿ, ಹೈಟಿ ದೇಶದ ಮಂಟಪದಲ್ಲಿ ಕುಳಿತು ಬಂದವರಿಗೆಲ್ಲ ಹಂಚಿದಳು. ಮುಂದೆ ಷಿಕಾಗೋ ಆಕೆಯ ಕಾರ್ಯಕ್ಷೇತ್ರವಾಯಿತು. ಉಪನ್ಯಾಸಗಳ ನಿಮಿತ್ತ ಮೂರು ಸಾರೆ ಮುಂದಕ್ಕೆ ಹೋದ ವಿವಾಹವು 1895ರ ಜೂನ್ 27ರಂದು ಬಾರ್ನೆಟ್ಟನೊಡನೆ ನೆರವೇರಿತು. ಪತಿಯ ಹೆಸರಿನೊಡನೆ ತನ್ನ ಹೆಸರನ್ನೂ ಉಳಿಸಿಕೊಂಡು ಆಕೆಯು ಐಡಾ ವೆಲ್ಸ್-ಬಾರ್ನೆಟ್ ಆದಳು.

ಆಕೆಗೆ ಚಾರ್ಲ್ಸ್, ಹರ್ಮನ್, ಐಡಾ, ಆಲ್ಫ್ರೀಡಾ ಎಂಬ ನಾಲ್ವರು ಮಕ್ಕಳಾದರು. ಸಂಸಾರವು ಸಾರ್ವಜನಿಕ ಕಾರ್ಯಕ್ಕೆ ಅಡ್ಡಿಯಾಗುವುದೆಂದು ಸ್ತ್ರೀಸ್ವಾತಂತ್ರ್ಯದ ಹಿರಿಯ ನಾಯಕಿಯಾದ ಸೂಸನ್ ಆಂಟನಿಯು ಚಿಂತೆಪಟ್ಟಳು. ಆ ಚಿಂತೆಯು ನಿರಾಧಾರವಾಗಿರಲಿಲ್ಲ; ತಾಯ್ತನವೂ ಲೋಕಕಾರ್ಯವೂ ಎರಡು ಕಡೆಗೆ ಎಳೆಯುವುದನ್ನು ಐಡಾಳು ಜೀವಮಾನವೆಲ್ಲ ಅನುಭವಿಸಿದಳು. ಆದರೂ ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಸಭೆಗಳಿಗೆ ಹೋಗುತ್ತಿದ್ದಳು. 1896ರಲ್ಲಿ ಕರಿಯ ಸ್ತ್ರೀಯರ ಸಂಘಗಳೆಲ್ಲ ವಾಷಿಂಗ್ಟನ್ ನಗರದಲ್ಲಿ ಕೂಡಿ ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿದಾಗ ಆಕೆಯು ತಿಂಗಳುಗಳ ಕೂಸಿನೊಡನೆ ಅಲ್ಲಿದ್ದಳು. ದಕ್ಷಿಣ ಕರೋಲಿನಾದ ಲೇಕ್ ಸಿಟಿಯಲ್ಲಿ ಫ್ರೇಜಿಯರ್ ಬೇಕರ್ ಎಂಬ ಕರಿಯ ಅಂಚೆ ಅಧಿಕಾರಿಯನ್ನು 1898ರಲ್ಲಿ ಗುಂಪು ಕೊಂದಾಗ, ಮೊಲೆಯುಣ್ಣುವ ಎರಡನೆಯ ಮಗುವನ್ನೆತ್ತಿಕೊಂಡು ರಾಷ್ಟ್ರಾಧ್ಯಕ್ಷ ಮೆಕಿನ್ಲಿಯವರನ್ನು ಕಂಡು ನ್ಯಾಯ ಬೇಡಿದಳು. ಷಿಕಾಗೋದಲ್ಲಿ ಆಕೆಯ ಹೆಸರಿನ ಮಹಿಳಾ ಸಂಘವು ಕರಿಯ ಮಕ್ಕಳಿಗಾಗಿ ಶಿಶುವಿಹಾರವನ್ನು ತೆರೆಯಿತು.

1908ರಲ್ಲಿ ಇಲಿನಾಯ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕರಿಯರ ಮೇಲೆ ದೊಡ್ಡ ದಂಗೆಯಾಯಿತು. ಐಡಾಳು ಭಾನುವಾರದ ಧರ್ಮಪಾಠಕ್ಕೆ ಬರುತ್ತಿದ್ದ ತರುಣರೊಡನೆ ಈ ವಿಷಯವನ್ನು ಚರ್ಚಿಸುತ್ತಿರಲು ಅವರಲ್ಲಿಯೇ ಒಂದು ಮಂಡಲಿಯು ರೂಪುಗೊಂಡಿತು. ಅದೇ ನೀಗ್ರೋ ಫೆಲೋಷಿಪ್ ಲೀಗ್. ದಕ್ಷಿಣದ ಕಷ್ಟಕ್ಕೆ ಬೇಸತ್ತು ಷಿಕಾಗೋಕ್ಕೆ ಬಂದಿಳಿಯುತ್ತಿದ್ದ ಕರಿಯ ಯುವಕರಿಗೆ ಸಭ್ಯರ ವಸತಿಗೃಹಗಳ ಬಾಗಿಲು ತೆರೆಯುತ್ತಿರಲಿಲ್ಲ. ತೆರೆದಿದ್ದುದು ಸೆರೆಯಂಗಡಿ ಜೂಜುಕಟ್ಟೆಗಳ ಬಾಗಿಲು ಮಾತ್ರ. ಆದಕಾರಣ 1910ರಲ್ಲಿ ಸ್ಟೇಟ್ ಸ್ಟ್ರೀಟ್ ಎಂಬ ಬೀದಿಯಲ್ಲಿ ವಾಚನಾಲಯವನ್ನೂ, ಅಲ್ಪ ಬಾಡಿಗೆಯ ಮಲಗುವ ಮನೆಯನ್ನೂ, ಕೆಲಸ ಹುಡುಕಿಕೊಡುವ ಕಚೇರಿಯನ್ನೂ ಲೀಗು ತೆರೆಯಿತು. ನೆರವು ಕೊಡುತ್ತಿದ್ದ ಧನಿಕರು ಹಿಂದೆಗೆದ ಮೇಲೆ, 1913ರಲ್ಲಿ ನಗರದ ನ್ಯಾಯಸ್ಥಾನದಲ್ಲಿ ಅಪರಾಧಿಗಳ ಸುಧಾರಣೆಯ ಅಧಿಕಾರಿಣಿಯಾಗಿ ನೇಮಕಗೊಂಡ ಐಡಾಳು ತನ್ನ ಸಂಬಳವನ್ನೇ ಅದಕ್ಕೆ ಸುರಿದಳು. ಹಗಲು ನ್ಯಾಯಸ್ಥಾನ, ಸಂಜೆ ಲೀಗು, ರಾತ್ರಿ ಮನೆ, ಹೀಗೆ ದುಡಿದು 1920ರ ವರೆಗೆ ಆ ಸಂಸ್ಥೆಯನ್ನು ನಡೆಸಿದಳು.

1909ರಲ್ಲಿ ನಡೆದ ಒಂದು ಪ್ರಸಂಗವು ಆಕೆಯ ಮನೆಯ ಒಳಗನ್ನು ತೋರಿಸುವಂತಹುದು. ಇಲಿನಾಯಿನ ಕೈರೋ ಎಂಬ ಊರಿನಲ್ಲಿ ವಿಲಿಯಂ ಜೇಮ್ಸ್ ಎಂಬವನನ್ನು ಗುಂಪು ಕ್ರೂರವಾಗಿ ಕೊಂದಿತು. ಸೆರೆಯಾಳನ್ನು ಕಾಪಾಡದ ಷರೀಫನು ಅಧಿಕಾರದಿಂದ ಚ್ಯುತನಾಗಬೇಕೆಂಬ ಕಾನೂನು ಆ ಸಂಸ್ಥಾನದಲ್ಲಿ 1905ರಲ್ಲಿಯೇ ಆಗಿತ್ತು. ಅದರಂತೆ ತೆಗೆಯಲ್ಪಟ್ಟ ಷರೀಫನು ಮರಳಿ ಅಧಿಕಾರ ಬೇಡುತ್ತಿದ್ದನು. ಯಾರಾದರೂ ಹೋಗಿ ನಿಜಸ್ಥಿತಿಯನ್ನು ಸಂಗ್ರಹಿಸಬೇಕೆಂದು ಬಾರ್ನೆಟ್ಟನು ಹೇಳಲು, ಐಡಾಳು ಈ ಸಾರೆ ಒಪ್ಪಲಿಲ್ಲ. ತಾನು ಮುಂದಾಗಿ ಮಾಡಿದ ಕೆಲಸಕ್ಕೆ ತನ್ನವರಿಂದಲೇ ಬಂದ ನಿಂದೆಗಳಿಂದ ಆಕೆಯ ಮನಸ್ಸು ನೊಂದಿತ್ತು. ಮಗುವನ್ನು ಮಲಗಿಸುತ್ತಾ ತಾನೂ ನಿದ್ರೆಹೋದವಳನ್ನು ಹಿರಿಯ ಮಗ ಚಾರ್ಲ್ಸನು ಎಬ್ಬಿಸಿ, ನೀನು ಹೋಗದಿದ್ದರೆ ಮತ್ತಾರು ಹೋಗುವರೆಂದು ಕೇಳಿದನು. ಮರುದಿನ ಬೆಳಿಗ್ಗೆ ಮನೆಯವರೆಲ್ಲರೂ ನಿಲ್ದಾಣಕ್ಕೆ ಬಂದು ಆಕೆಯನ್ನು ಕಳುಹಿಸಿಕೊಟ್ಟರು. ಕೈರೋದ ಕರಿಯರೇ ಷರೀಫನ ಪರವಾಗಿ ಅರ್ಜಿಗೆ ರುಜು ಹಾಕಿದ್ದರು. ಆಕೆಯು ಅವರನ್ನು ಕೂಡಿಸಿ, ಇಂದು ಸುಮ್ಮನಿದ್ದರೆ ನಾಳೆ ಯಾರ ಸರದಿಯೆಂದು ತಿಳಿಯಹೇಳಿ ಮನಸ್ಸನ್ನು ತಿರುಗಿಸಿದಳು. ತರುವಾಯ ಗವರ್ನರ್ ಡೆನೀನನ ಎದುರಿಗೆ, ಷರೀಫನ ಪರವಾದ ಪ್ರತಿಷ್ಠಿತರ ನಡುವೆ, ಸಂಗ್ರಹಿಸಿದ ಸಂಗತಿಗಳನ್ನೆಲ್ಲ ಒಬ್ಬಳೇ ನಿಂತು ಮಂಡಿಸಿದಳು. ಗವರ್ನರನು ಷರೀಫನಿಗೆ ಅಧಿಕಾರವನ್ನು ಮರಳಿ ಕೊಡಲಿಲ್ಲ.

ಅದೇ ವರ್ಷ ಕರಿಯ ಜನರ ಹಕ್ಕುಗಳಿಗಾಗಿ ಎನ್.ಎ.ಎ.ಸಿ.ಪಿ. ಎಂಬ ರಾಷ್ಟ್ರೀಯ ಸಂಸ್ಥೆಯ ಸ್ಥಾಪನೆಯಾಯಿತು. ಸ್ಥಾಪಕರಲ್ಲಿ ಐಡಾಳೂ ಒಬ್ಬಳಾಗಿದ್ದರೂ, ಮೊದಲ ಸಮಿತಿಯ ಪಟ್ಟಿಯನ್ನು ಓದಿದಾಗ ಆಕೆಯ ಹೆಸರನ್ನು ಬಿಡಲಾಗಿತ್ತು, ಅನಂತರ ಸೇರಿಸಲಾಯಿತು. ಆಕೆಯ ಸ್ವಭಾವವು ಕಟುವಾದುದೆಂದು ಸಹೋದ್ಯೋಗಿಗಳು ದೂರುತ್ತಿದ್ದರು. ಅದರಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ರಾಜಿಯ ಮಾತು ಆಕೆಗೆ ಹಿಡಿಸುತ್ತಿರಲಿಲ್ಲ. ಸ್ನೇಹಿತರ ತಪ್ಪನ್ನೂ ಶತ್ರುಗಳ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದುದರಿಂದ ಹಲವರು ದೂರವಾದರು. ಜನರ ನಡುವೆ ದುಡಿಯುವವಳಿಗೆ ಈ ಒಂಟಿತನವು ಸಣ್ಣ ದಂಡವಲ್ಲ. ಆಕೆಯು ಅದನ್ನು ತೆತ್ತಳು. ಮಾರ್ಗವನ್ನು ಮಾತ್ರ ಬಿಡಲಿಲ್ಲ.

ಸ್ತ್ರೀಯರಿಗೆ ಮತಾಧಿಕಾರವಿಲ್ಲದೆ ಯಾವ ಸುಧಾರಣೆಯೂ ನೆಲೆಗೊಳ್ಳದೆಂದರಿತು 1913ರ ಜನವರಿಯಲ್ಲಿ ಷಿಕಾಗೋದಲ್ಲಿ ಕರಿಯ ಸ್ತ್ರೀಯರ ಆಲ್ಫಾ ಸಫ್ರೇಜ್ ಕ್ಲಬ್ಬನ್ನು ಸ್ಥಾಪಿಸಿದಳು. ಆ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ದೇಶದ ಸ್ತ್ರೀಯರ ಮಹಾಮೆರವಣಿಗೆಯು ನಡೆಯತಕ್ಕದ್ದಾಗಿತ್ತು. ದಕ್ಷಿಣದ ಬಿಳಿಯ ಸ್ತ್ರೀಯರು ಮುನಿಯಬಹುದೆಂದು ವ್ಯವಸ್ಥಾಪಕಿಯರು ಹೆದರಿ, ಕರಿಯ ಸ್ತ್ರೀಯರು ಕಟ್ಟಕಡೆಗೆ ನಡೆಯಬೇಕೆಂದು ಸೂಚಿಸಿದರು. ಐಡಾಳು ತನ್ನ ಸಂಸ್ಥಾನದವರೊಡನೆ ಹೊರತು ಬೇರೆಡೆ ನಡೆಯಲಾರೆನೆಂದು ಹೇಳಿ ಅಲ್ಲಿಂದ ಹೊರಟುಹೋದಳು. ಮೆರವಣಿಗೆಯು ಸಾಗುತ್ತಿರುವಾಗ ನೋಡುವವರ ಗುಂಪಿನಿಂದ ಹೊರಬಂದು, ಇಲಿನಾಯಿನ ಸ್ತ್ರೀಯರ ಸಾಲನ್ನು ಸೇರಿ, ಇಬ್ಬರು ಬಿಳಿಯ ಗೆಳತಿಯರ ನಡುವೆ ಕೊನೆಯವರೆಗೂ ನಡೆದಳು. ಅದೇ ವರ್ಷ ಇಲಿನಾಯಿನಲ್ಲಿ ಸ್ತ್ರೀಯರಿಗೆ ಪರಿಮಿತವಾದ ಮತಾಧಿಕಾರವು ಬಂದಿತು. ಕ್ಲಬ್ಬಿನ ಸ್ತ್ರೀಯರು ಬೀದಿ ಬೀದಿಗಳಲ್ಲಿ ಮನೆಮನೆಗೆ ಹೋಗಿ ಹೆಸರು ನೋಂದಾಯಿಸಿದರು. ಮನೆಗೆ ಹೋಗಿ ಮಕ್ಕಳನ್ನು ನೋಡಿಕೊಳ್ಳಿರೆಂದು ಗಂಡಸರು ಹಾಸ್ಯ ಮಾಡಿದಾಗ ಅವರು ಹಿಂದೆಗೆಯಲಿಲ್ಲ. 1915ರಲ್ಲಿ ಆಸ್ಕರ್ ಡಿ ಪ್ರೀಸ್ಟನು ಷಿಕಾಗೋ ನಗರಸಭೆಯ ಪ್ರಥಮ ಕರಿಯ ಸದಸ್ಯನಾಗಿ ಆರಿಸಿಬರಲು ಈ ಸ್ತ್ರೀಯರ ಮತಗಳು ಬಹಳವಾಗಿ ನೆರವಾದವು.

1919ರಲ್ಲಿ ಆರ್ಕನ್ಸಾ ಸಂಸ್ಥಾನದ ಎಲೇನ್ ಎಂಬಲ್ಲಿ, ಹತ್ತಿಗೆ ನ್ಯಾಯವಾದ ಬೆಲೆ ಬೇಡಿ ಸಂಘಟಿತರಾದ ಕರಿಯ ಒಕ್ಕಲಿಗರ ಮೇಲೆ ಘೋರವಾದ ಹತ್ಯಾಕಾಂಡವು ನಡೆಯಿತು. ತಿರುಗಿ ಅವರಲ್ಲಿಯೇ 12 ಮಂದಿಗೆ ಮರಣದಂಡನೆಯು ವಿಧಿಸಲ್ಪಟ್ಟಿತು. ಮೂರು ದಶಕಗಳ ಕಾಲ ದೂರವಿದ್ದ ದಕ್ಷಿಣಕ್ಕೆ ಐಡಾಳು ಆಗ ಕಾಲಿಟ್ಟಳು. ಸೆರೆಯಾಳುಗಳ ಬಂಧುವೆಂಬಂತೆ ಇತರ ಸ್ತ್ರೀಯರೊಡನೆ ಸೆರೆಮನೆಯನ್ನು ಹೊಕ್ಕು ಅವರ ವೃತ್ತಾಂತವನ್ನು ಬಾಯಿಂದ ಬಾಯಿಗೆ ಕೇಳಿದಳು. ಪರಲೋಕದ ಹಾಡುಗಳನ್ನೇ ಹಾಡುತ್ತಿದ್ದ ಅವರಿಗೆ, ಸಾಯುವ ಮಾತನ್ನು ಬಿಟ್ಟು ಬದುಕುವ ಪ್ರಾರ್ಥನೆಯನ್ನು ಮಾಡಿರೆಂದು ಧೈರ್ಯ ಹೇಳಿದಳು. ಅವರು ಕಳೆದುಕೊಂಡ ಹತ್ತಿ, ಕಾಳು, ದನಗಳ ಲೆಕ್ಕವನ್ನೂ ಬರೆದುಕೊಂಡು 1920ರಲ್ಲಿ ಪುಸ್ತಿಕೆಯಾಗಿ ಪ್ರಕಟಿಸಿದಳು. 1923ರಲ್ಲಿ ದೇಶದ ಪರಮೋಚ್ಚ ನ್ಯಾಯಸ್ಥಾನವು ಅವರಲ್ಲಿ ಆರು ಮಂದಿಯ ಮೊಕದ್ದಮೆಯಲ್ಲಿ, ಗುಂಪಿನ ಭಯದಲ್ಲಿ ನಡೆದ ವಿಚಾರಣೆಯು ವಿಚಾರಣೆಯೇ ಅಲ್ಲವೆಂಬ ತತ್ವವನ್ನು ಎತ್ತಿಹಿಡಿಯಿತು. ಹಲವರ ಪ್ರಯತ್ನದಿಂದ 1925ರೊಳಗಾಗಿ ಆ ಹನ್ನೆರಡು ಮಂದಿಯೂ ಬಿಡುಗಡೆ ಹೊಂದಿದರು.

1930ರಲ್ಲಿ ಆಕೆಯು ಇಲಿನಾಯ್ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿ ಸೋತಳು. ಮರುವರ್ಷ, 1931ರ ಮಾರ್ಚ್ 25ರಂದು, ತನ್ನ 68ನೆಯ ವಯಸ್ಸಿನಲ್ಲಿ ಷಿಕಾಗೋದಲ್ಲಿ ದೇಹವಿಟ್ಟಳು. ಬರೆಯುತ್ತಿದ್ದ ಆತ್ಮಚರಿತ್ರೆಯು ಒಂದು ವಾಕ್ಯದ ನಡುವೆಯೇ ನಿಂತುಹೋಗಿತ್ತು. ಮಗಳು ಆಲ್ಫ್ರೀಡಾ ಡಸ್ಟರಳು ಅದನ್ನು ಕಾಪಾಡಿ, ಸಂಪಾದಿಸಿ, ಬಹುಕಾಲ ಪ್ರಕಾಶಕರ ಬಾಗಿಲುಗಳನ್ನು ತಟ್ಟಿ, 1970ರಲ್ಲಿ ಬೆಳಕಿಗೆ ತಂದಳು. 2020ರಲ್ಲಿ ಪುಲಿಟ್ಜರ್ ಮಂಡಲಿಯು ಆಕೆಯ ಪತ್ರಿಕಾಕಾರ್ಯಕ್ಕೆ ವಿಶೇಷ ಗೌರವವನ್ನು ಸಲ್ಲಿಸಿತು. ಲಿಂಚಿಂಗನ್ನು ಅಪರಾಧವೆಂದು ಸಾರುವ ರಾಷ್ಟ್ರೀಯ ಕಾನೂನು ಆಕೆಯು ಬದುಕಿರುವಾಗ ಆಗಲಿಲ್ಲ. ಅದು ಅಮೇರಿಕಾದಲ್ಲಿ ಜಾರಿಗೆ ಬಂದುದು 2022ರ ಮಾರ್ಚ್ 29ರಂದು, ಮೆಂಫಿಸಿನ ಆ ಮೂವರು ಸತ್ತು 130 ವರ್ಷಗಳಾದ ಮೇಲೆ.

ಫಲವನ್ನು ಕಣ್ಣಾರೆ ಕಂಡು ಸಂತೋಷಪಡುವ ಭಾಗ್ಯವು ಬಿತ್ತಿದವರಿಗೆಲ್ಲ ದೊರೆಯುವುದಿಲ್ಲ. ಐಡಾ ವೆಲ್ಸಳಿಗೆ ಸಂಪತ್ತಿರಲಿಲ್ಲ, ಅಧಿಕಾರವಿರಲಿಲ್ಲ. ಅನೇಕ ವೇಳೆ ಜೊತೆಗಾರರೂ ಇರಲಿಲ್ಲ. ಸತ್ತವನ ಮನೆಗೆ ಹೋಗಿ ನಡೆದುದನ್ನು ಕೇಳುವುದು, ಕೇಳಿದುದನ್ನು ಕೂಡಿಸದೆ ಕಳೆಯದೆ ಬರೆಯುವುದು, ಬರೆದುದಕ್ಕೆ ಬಂದ ಕಷ್ಟವನ್ನು ಹೊರುವುದು, ಇಷ್ಟೇ ಆಕೆಯ ಸಾಧನೆ. ಉಪಾಧ್ಯಾಯಿನಿಯಾಗಿ, ತಾಯಿಯಾಗಿ, ಸಂಪಾದಕಿಯಾಗಿ, ದಿಕ್ಕಿಲ್ಲದವರಿಗೆ ಮನೆ ತೆರೆದವಳಾಗಿ ಆಕೆಯು ಮಾಡಿದ ನಿತ್ಯದ ದುಡಿಮೆಯಲ್ಲಿ, ಯಾವ ಊರಿನ ಸಾಮಾನ್ಯ ಸ್ತ್ರೀಪುರುಷರಿಗೂ ಅಸಾಧ್ಯವಾದುದು ಏನೂ ಇಲ್ಲ. ನಮ್ಮ ನೆರೆಯಲ್ಲಿ ಹುಟ್ಟಿನ ಕಾರಣದಿಂದ ಒಬ್ಬನಿಗೆ ನೋವಾದಾಗ, ಅವನದೇ ತಪ್ಪಿರಬೇಕೆಂದು ನಂಬಿ ಸುಮ್ಮನಾಗುವ ಮುನ್ನ ಅವನ ಮನೆಯ ಬಾಗಿಲಿಗೆ ಹೋಗಿ ವಿಚಾರಿಸುವವರು ಒಬ್ಬರಾದರೂ ಇದ್ದರೆ, ಆ ಮಹಾತ್ಮಳ ಚರಿತ್ರೆಯನ್ನು ಓದಿದುದು ಸಾರ್ಥಕವಾಗುವುದು.